ಟಕ್ ಅನ್ನುತ್ತಿದ್ದ ಹರಳು: ಹತ್ತು ಶನಿವಾರಗಳ ಒಂದು ಪ್ರಕರಣ

ಎಂಟನೇ ಶನಿವಾರದ ಹೊತ್ತಿಗೆ ನನ್ನ ಪೆಂಡೆಂಟ್ ಹೆಚ್ಚುಕಡಿಮೆ ಮುಗಿದಿತ್ತು. ಬೆಳ್ಳಿ ತಗಡಿನ ಮೇಲೆ ತೆಳ್ಳನೆ ಬೆಳ್ಳಿ ಪಟ್ಟಿಯ ಗೋಡೆ, ಅದರೊಳಗೆ ಜೇನು ಬಣ್ಣದ ಮೊಟ್ಟೆಯಾಕಾರದ ಹರಳು. ಗೋಡೆಯನ್ನು ಹರಳಿನ ಮೇಲಕ್ಕೆ ಬಗ್ಗಿಸಿ ಒತ್ತುವುದೊಂದೇ ಬಾಕಿ. ಒತ್ತುವ ಮುಂಚೆ ಸುಮ್ನೆ ಒಂದು ಸಲ ಹರಳಿನ ಎಡ ತುದಿಯನ್ನು ಬೆರಳಿನಿಂದ ಅದುಮಿದೆ. ಟಕ್. ಬಲ ತುದಿ ಅದುಮಿದೆ. ಮತ್ತೆ ಟಕ್. ಕಾಲು ಸಮ ಇಲ್ಲದ ಹೋಟೆಲ್ ಟೇಬಲ್ ಹಾಗೆ.

ಆ ಟಕ್ ಎಲ್ಲಿಂದ ಬಂತು, ಅದನ್ನು ಹೇಗೆ ಹಿಡಿದೆವು ಅನ್ನುವುದೇ ಈ ಬರಹ. ಒಡವೆ ಮಾಡುವ ಕ್ಲಾಸಿಗೆ ಸೇರಬೇಕು ಅಂದುಕೊಂಡಿರುವವರಿಗೆ ಉಪಯೋಗವಾದೀತು. ಕಲಿಸುವವರಿಗೂ ಆದೀತು, ಯಾಕಂದರೆ ತಪ್ಪು ಪೂರ್ತಿ ನನ್ನದೇ ಆಗಿರಲಿಲ್ಲ.

ಹಿನ್ನೆಲೆ

ನಾನು ಬೆಂಗಳೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಕೈಕೆಲಸದ ಹಿನ್ನೆಲೆ ಏನೂ ಇಲ್ಲ. ಸೇರಿದ್ದು ವಾರಾಂತ್ಯದ ಕ್ಲಾಸಿಗೆ: ಹತ್ತು ಶನಿವಾರ, ದಿನಕ್ಕೆ ಮೂರು ಗಂಟೆ, ಆರು ಜನ. ಮೊದಲ ಐದು ವಾರ ಕಲ್ಲು ಕತ್ತರಿಸಿ ಸಾಣೆ ಹಿಡಿಯುವುದು, ಆಮೇಲಿನ ಐದು ವಾರ ಬೆಳ್ಳಿ ಕೆಲಸ. ಎರಡಕ್ಕೂ ಬೇರೆ ಬೇರೆ ಮೇಷ್ಟ್ರು. ಕಲ್ಲಿನ ಮೇಷ್ಟ್ರು ಮೂವತ್ತು ದಾಟಿದವರು, ಜೈಪುರದಲ್ಲಿ ಕಲಿತು ಬಂದವರು. ಬೆಳ್ಳಿ ಮೇಷ್ಟ್ರಿಗೆ ಎಪ್ಪತ್ತರ ಹತ್ತಿರ. ಹುಟ್ಟಿ ಬೆಳೆದದ್ದೇ ನಗರತ್ ಪೇಟೆಯ ಅಕ್ಕಸಾಲಿಗರ ಮನೆಯಲ್ಲಿ. ಇಬ್ಬರೂ ಒಂದೇ ದಿನ ಬರುತ್ತಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾನು ತಂದ ಕಲ್ಲು ಅಂಗಡಿಯದಲ್ಲ. ವಿಜಯಪುರ ಜಿಲ್ಲೆಯ ಇಂಡಿ ಕಡೆ, ಭೀಮಾ ನದಿ ದಂಡೆಯಲ್ಲಿ ನಮ್ಮ ಸೋದರಮಾವನ ಹೊಲ ಇದೆ. ಬೇಸಿಗೆಯಲ್ಲಿ ನೀರು ಇಳಿದಾಗ ಉರುಟು ಕಲ್ಲುಗಳು ರಾಶಿ ರಾಶಿ ಕಾಣುತ್ತವೆ. ಆ ಕಡೆ ನೆಲವೆಲ್ಲ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಗಟ್ಟಿಯಾಗಿ ಆದ ಕಪ್ಪು ಬಂಡೆ. ಲಾವಾದಲ್ಲಿ ಗಾಳಿಗುಳ್ಳೆಗಳು ಉಳಿದುಕೊಂಡು ಖಾಲಿ ಜಾಗ ಆಗುತ್ತವೆ. ಸಿಲಿಕಾ ಕರಗಿದ ನೀರು ಅದರೊಳಗೆ ಇಳಿದು, ಪದರ ಪದರವಾಗಿ ಕೂತು, ಕೊನೆಗೆ ಕಲ್ಲಾಗುತ್ತದೆ. ಅದೇ ಅಗೇಟ್. ಒಡವೆ ಅಂಗಡಿಯವರು ಹಕೀಕ್ ಅನ್ನುತ್ತಾರೆ. ಮೇಲಿನಿಂದ ನೋಡಿದರೆ ಹುಣಸೆ ಉಂಡೆ ಹಾಗೆ ಮಂಕಾಗಿ ಇರುತ್ತದೆ. ಕತ್ತರಿಸಿದರೆ ಒಳಗೆ ಈರುಳ್ಳಿ ಪದರ.

ಕಲ್ಲಿನ ಐದು ವಾರ

ಕಲ್ಲು ಅಂದರೆ ಕತ್ತರಿಸುವುದು ಅಂದುಕೊಂಡಿದ್ದೆ. ನಿಜವಾಗಿ ಅದು ಉಜ್ಜುವುದು. ಅಗೇಟಿನ ಗಡಸುತನ ಮೋಸ್ ಅಳತೆಯಲ್ಲಿ 7ರ ಹತ್ತಿರ. ಚಾಕು ಗೀರುವುದಿಲ್ಲ, ಗಾಜನ್ನು ಅದೇ ಗೀರುತ್ತದೆ. ಹಾಗಾಗಿ ವಜ್ರದ ಪುಡಿ ಅಂಟಿಸಿದ ಗರಗಸ, ವಜ್ರದ ಪುಡಿ ಅಂಟಿಸಿದ ಚಕ್ರಗಳು. ಚಕ್ರಗಳಿಗೆ ನಂಬರ್ ಇರುತ್ತದೆ. ನಮ್ಮ ಮಷೀನಿನಲ್ಲಿ 80, 220, 600, 1200, 3000, 14000. ನಂಬರ್ ಜಾಸ್ತಿಯಾದಷ್ಟೂ ಪುಡಿ ನಯ.

ಸುಮಾರು ಆರು ಮಿಲಿಮೀಟರ್ ದಪ್ಪದ ಹಲ್ಲೆ ಕತ್ತರಿಸಿಕೊಂಡೆ. ಪ್ಲಾಸ್ಟಿಕ್ ಅಚ್ಚು ಇಟ್ಟು 25 × 18 ಮಿಲಿಮೀಟರಿನ ಮೊಟ್ಟೆಯಾಕಾರ ಬರೆದೆ. ಬರೆಯುವುದು ಪೆನ್ಸಿಲಿನಿಂದ ಅಲ್ಲ, ಅಲ್ಯೂಮಿನಿಯಂ ಕಡ್ಡಿಯಿಂದ. ಪೆನ್ಸಿಲ್ ಗೆರೆ ನೀರಿಗೆ ಹೋಗಿಬಿಡುತ್ತದೆ. ಆಮೇಲೆ ಕಲ್ಲನ್ನು ಬೆಚ್ಚಗೆ ಮಾಡಿ, ಕಡ್ಡಿಯ ತುದಿಗೆ ಅರಗು ಕರಗಿಸಿ ಅಂಟಿಸಬೇಕು. ಹಿಡಿದುಕೊಳ್ಳಲು ಹಿಡಿ ಬೇಕಲ್ಲ. ಬಿಡಿಸುವ ಉಪಾಯ ನನಗೆ ಬಹಳ ಹಿಡಿಸಿತು: ಫ್ರೀಜರಿನಲ್ಲಿ ಹತ್ತು ನಿಮಿಷ ಇಟ್ಟರೆ ಅರಗು ಮತ್ತು ಕಲ್ಲು ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿ, ಹರಳು ತಾನಾಗಿ ಕಳಚಿಕೊಳ್ಳುತ್ತದೆ. ಇದನ್ನು ಮುಂದಿನ ವರ್ಷ ಒಂಬತ್ತನೇ ಕ್ಲಾಸಿಗೆ ತೋರಿಸಬೇಕು ಅಂತ ಅಲ್ಲೇ ಬರೆದುಕೊಂಡೆ.

ಚಕ್ರದ ಮೇಲೆ ನೀರು ಸದಾ ಹನಿಯುತ್ತಿರಬೇಕು. ಕಲ್ಲು ಬಿಸಿಯಾಗಿ ಬಿರುಕು ಬಿಡದಿರಲಿ ಅನ್ನುವುದು ಒಂದು ಕಾರಣ. ದೊಡ್ಡ ಕಾರಣ ಧೂಳು. ಮೊದಲ ದಿನವೇ ಕಲ್ಲಿನ ಮೇಷ್ಟ್ರು ಗುಜರಾತಿನ ಖಂಭಾತ್ ಊರಿನ ಕತೆ ಹೇಳಿದರು. ಸಾವಿರಾರು ವರ್ಷದಿಂದ ಅಗೇಟ್ ಮಣಿ ಮಾಡುತ್ತ ಬಂದ ಸೀಮೆ ಅದು. ಹರಪ್ಪದವರ ಕಾಲದ ಕೆಂಪು ಮಣಿಗಳ ಕಲ್ಲೂ ಗುಜರಾತಿನದೇ ಅನ್ನುತ್ತಾರೆ. ಅಲ್ಲಿ ಒಣ ಚಕ್ರದಲ್ಲಿ ಕಲ್ಲು ತಿಕ್ಕಿದವರು, ಅವರ ಮನೆಯವರು, ಅಕ್ಕಪಕ್ಕದವರು ಸಿಲಿಕೋಸಿಸ್ ಬಂದು ಉಸಿರು ಕಟ್ಟಿ ಸತ್ತಿದ್ದಾರೆ. ಆ ಧೂಳು ಶ್ವಾಸಕೋಶಕ್ಕೆ ಇಳಿದರೆ ವಾಪಸ್ ಬರುವುದಿಲ್ಲ, ಆ ಕಾಯಿಲೆಗೆ ಗುಣ ಅನ್ನುವುದೇ ಇಲ್ಲ. ನೀರಿನ ಪೈಪ್ ಕಟ್ಟಿಕೊಂಡರೆ ಮಷೀನ್ ಆಫ್, ಮಾತಿಲ್ಲ. ಕ್ಲಾಸ್ ನೋಡಲು ಹೋದಾಗ ಯಾರಾದರೂ ಒಣ ಕಲ್ಲು ತಿಕ್ಕುತ್ತಿದ್ದರೆ ಅಲ್ಲಿ ಸೇರಬೇಡಿ. ಫೀಸ್ ಎಷ್ಟೇ ಕಡಿಮೆ ಇರಲಿ.

ಕಲ್ಲಿನ ಕೆಲಸದಲ್ಲಿ ನನ್ನನ್ನು ಅತಿ ಜಾಸ್ತಿ ಸತಾಯಿಸಿದ್ದು ಗೀರುಗಳು. 80ರ ಚಕ್ರ ಆಕಾರ ಕೊಡುತ್ತದೆ, ಜೊತೆಗೆ ಆಳವಾದ ಗೀರುಗಳನ್ನೂ ಬಿಡುತ್ತದೆ. 220ರ ಕೆಲಸ ಆ ಗೀರು ಅಳಿಸಿ ತನ್ನ ಚಿಕ್ಕ ಗೀರು ಬಿಡುವುದು. ಹೀಗೆ ಮುಂದಕ್ಕೆ. ಒದ್ದೆ ಕಲ್ಲು ಯಾವಾಗಲೂ ಹೊಳೆಯುತ್ತದೆ. ನೀರು ಗೀರುಗಳನ್ನು ತುಂಬಿಕೊಂಡು ಬೆಳಕು ಚದುರದ ಹಾಗೆ ಮಾಡುತ್ತದೆ, ನಾವು ಮೋಸ ಹೋಗುತ್ತೇವೆ. ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಟ್ಯೂಬ್ ಲೈಟಿಗೆ ಓರೆಯಾಗಿ ಹಿಡಿದಾಗ ನಿಜ ತಿಳಿಯುತ್ತದೆ. ನಾನು 3000ದ ಚಕ್ರದಲ್ಲಿ ಮುಕ್ಕಾಲು ಗಂಟೆ ತಿಕ್ಕಿ, ಒರೆಸಿ ನೋಡಿದರೆ ಹರಳಿನ ನೆತ್ತಿಯ ಮೇಲೆ 80ರ ಚಕ್ರದ ಮೂರು ಗೀರು ಹಾಗೇ ಕೂತಿದ್ದವು.

"ಈಗ ಏನು ಮಾಡೋದು ಸರ್?"

"220ಕ್ಕೆ ವಾಪಸ್ ಹೋಗೋದು ಮೇಡಂ."

"ಇಲ್ಲೇ ಇನ್ನೊಂದು ಸ್ವಲ್ಪ ಹೊತ್ತು ಉಜ್ಜಿದ್ರೆ?"

"ಸೋಮವಾರ ಬೆಳಿಗ್ಗೆ ತನಕ ಉಜ್ಜಬಹುದು. ಹೋಗಲ್ಲ."

ವಾಪಸ್ ಹೋದೆ. ಐದನೇ ವಾರದ ಕೊನೆಗೆ ಚರ್ಮದ ಬಿಲ್ಲೆಯ ಮೇಲೆ ಸೀರಿಯಂ ಆಕ್ಸೈಡ್ ಹಚ್ಚಿ ಹೊಳಪು ಕೊಟ್ಟೆ. ತಲೆಯ ಮೇಲಿನ ಟ್ಯೂಬ್ ಲೈಟ್ ಹರಳಿನಲ್ಲಿ ಬಾಗಿದ ಬಿಳಿ ಗೆರೆಯಾಗಿ ಕಂಡಿತು. ಮೇಲಿನ ಗುಮ್ಮಟ ಚೆನ್ನಾಗಿ ಬಂದಿತ್ತು. ನೋಡಿದವರೆಲ್ಲ ಮೆಚ್ಚಿದರು. ಮೇಲಿನ ಗುಮ್ಮಟವನ್ನೇ ಎಲ್ಲರೂ ನೋಡುವುದು ಅಲ್ವಾ?

ಆ ವಾರದ ನನ್ನ ನೋಟ್ ಬುಕ್ಕಿನಲ್ಲಿ ಎರಡು ಸಾಲು ಇವೆ. "ಪಕ್ಕ ಸ್ವಲ್ಪ ಒಳಕ್ಕೆ ವಾಲಿರಲಿ." "ಹಿಂದಿನ ಅಂಚು ಮುರಿಯಬೇಕು, ಅರ್ಧ ಮಿ.ಮೀ." ಅಂಚು ಮುರಿಯುವುದು ಅಂದರೆ ಚೂಪಾದ ಅಂಚನ್ನು ಸ್ವಲ್ಪ ಓರೆಯಾಗಿ ಉಜ್ಜುವುದು. ಎರಡನೆಯದರ ಪಕ್ಕದಲ್ಲಿ ಕಂಸದೊಳಗೆ ನಾನೇ ಬರೆದುಕೊಂಡಿದ್ದೇನೆ: "ಅಂದಕ್ಕೆ?" ಪ್ರಶ್ನೆಚಿಹ್ನೆ ಸಮೇತ. ಹರಳಿನ ಬೆನ್ನು ಬೆಳ್ಳಿಯೊಳಗೆ ಮುಚ್ಚಿಹೋಗುತ್ತದೆ, ಅಲ್ಲಿ ಯಾರಿಗೆ ಅಂದ ಬೇಕು ಅಂತ ನಾನು ಆ ಕೆಲಸ ಬಿಟ್ಟೆ. ಮೇಷ್ಟ್ರು ಹೇಳಿದ್ದು ನಿಜ. ಯಾಕೆ ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬೆಳ್ಳಿಗೆ ಬಂದೆವು

ಬೆಳ್ಳಿ ಮೇಷ್ಟ್ರು ಮೊದಲ ದಿನ ಒಂದೇ ಮಾತು ಹೇಳಿದರು: "ಬೆಸುಗೆ ಸಂದಿ ತುಂಬಲ್ಲಮ್ಮಾ, ಸಂದೀಲಿ ಓಡತ್ತೆ ಅಷ್ಟೆ." ಎರಡು ತುದಿಗಳ ನಡುವೆ ಬೆಳಕು ಕಂಡರೆ ಬೆಸುಗೆ ಹಿಡಿಯುವುದಿಲ್ಲ. ತುದಿಗಳನ್ನು ಅರದಿಂದ ಉಜ್ಜಿ, ಕೂದಲೂ ತೂರದ ಹಾಗೆ ಕೂಡಿಸಬೇಕು. ಬಿಳಿಗಾರ ಹಚ್ಚಬೇಕು, ಬೆಸುಗೆಯ ಚೂರು ಇಡಬೇಕು, ಬೆಂಕಿ ತೋರಿಸಬೇಕು. ಸರಿಯಾದ ಬಿಸಿ ಬಂದ ಕ್ಷಣಕ್ಕೆ ಚೂರು ಕರಗಿ ಮಿಂಚಿನ ಗೆರೆಯಾಗಿ ಸಂದಿಯುದ್ದಕ್ಕೂ ಸರ್ರನೆ ಓಡುತ್ತದೆ. ತೆಳ್ಳನೆ ಕೊಳವೆಯಲ್ಲಿ ನೀರು ಮೇಲೇರುವುದನ್ನು ಹದಿನೆಂಟು ವರ್ಷ ಬೋರ್ಡಿನ ಮೇಲೆ ಬರೆದು ತೋರಿಸಿದವಳು ನಾನು. ಲೋಹ ಹಾಗೆ ಓಡುವುದನ್ನು ಕಣ್ಣಾರೆ ಕಂಡದ್ದು ಅವತ್ತೇ.

ತಗಡು 925 ಬೆಳ್ಳಿ, ಅಂದರೆ ಸಾವಿರ ಭಾಗದಲ್ಲಿ 925 ಭಾಗ ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ಗೋಡೆಯ ಪಟ್ಟಿ ಮಾತ್ರ ಅಪ್ಪಟ ಬೆಳ್ಳಿ, ದಪ್ಪ 0.3 ಮಿಲಿಮೀಟರ್. ಅಪ್ಪಟ ಬೆಳ್ಳಿ ಮೆತ್ತಗಿರುವುದರಿಂದ ಹರಳಿನ ಮೇಲೆ ಸುಲಭವಾಗಿ ಬಗ್ಗುತ್ತದೆ. ಈ ಗೋಡೆಗೆ ಬೆಜೆಲ್ ಅನ್ನುವ ಹೆಸರಿದೆ, ನಾವು ಗೋಡೆ ಅಂತಲೇ ಕರೆಯುತ್ತಿದ್ದೆವು. 25 × 18ರ ಹರಳಿಗೆ ಸುತ್ತಳತೆ ಸುಮಾರು 68 ಮಿಲಿಮೀಟರ್. ಪಟ್ಟಿಯ ದಪ್ಪಕ್ಕೆ ಇನ್ನೊಂದು ಸೇರಿಸಿ 69 ಕತ್ತರಿಸಬೇಕು. ನಾನು ಭಯಕ್ಕೆ 71 ಕತ್ತರಿಸಿದೆ. ಗೋಡೆ ದೊಗಳೆಯಾಯಿತು. ಎರಡನೆಯದನ್ನು ಸರಿಯಾಗಿ ಕತ್ತರಿಸಿ, ತಗಡಿಗೆ ಬೆಸೆಯುವಾಗ ಉರಿಯನ್ನು ನೇರ ಗೋಡೆಯ ಮೇಲೇ ಹಿಡಿದೆ. ಮೂರು ಸೆಕೆಂಡಿನಲ್ಲಿ ಗೋಡೆಯ ಒಂದು ಮೂಲೆ ಸುಕ್ಕಾಗಿ, ಉಂಡೆಯಾಗಿ, ಕೆಳಗೆ ಕೂತಿತು. ಅಪ್ಪಟ ಬೆಳ್ಳಿ ಕರಗುವುದು 962 ಡಿಗ್ರಿಗೆ, ನಾವು ಬಳಸುತ್ತಿದ್ದ ಬೇಗ ಕರಗುವ ಬೆಳ್ಳಿ ಬೆಸುಗೆ 700ರ ಆಸುಪಾಸಿನಲ್ಲೇ ಓಡುತ್ತದೆ. ಅಂದರೆ ಜಾಗ ಬೇಕಾದಷ್ಟಿತ್ತು. ಆದರೆ ತೆಳ್ಳನೆ ಪಟ್ಟಿ ಬೇಗ ಕಾಯುತ್ತದೆ, ದಪ್ಪ ತಗಡು ನಿಧಾನ. ಉರಿ ತಗಡಿಗೆ ಹಿಡಿಯಬೇಕು, ಗೋಡೆಗೆ ಅಲ್ಲ. "ಪಾತ್ರೆ ಕಾಯಿಸಮ್ಮಾ, ಹಪ್ಪಳ ಕಾಯಿಸಬೇಡ" ಅಂದರು ಮೇಷ್ಟ್ರು.

ಒಂದು ಅಡ್ಡ ಮಾತು. ಬೆಂಕಿಯಿಂದ ತೆಗೆದ ಬೆಳ್ಳಿ ಕಪ್ಪಾಗಿರುತ್ತದೆ. ಅದನ್ನು ಬಿಸಿ ಮಾಡಿದ ನಿಂಬೆ ಉಪ್ಪಿನ ನೀರಿನಲ್ಲಿ ಇಟ್ಟು ಬಿಳಿ ಮಾಡುತ್ತಿದ್ದೆವು. ಅಂಗಡಿಗಳಲ್ಲಿ ಗಂಧಕಾಮ್ಲ ಬಳಸುತ್ತಾರೆ, ಕ್ಲಾಸಿಗೆ ಅದು ಬೇಡ ಅಂತ ಮೇಷ್ಟ್ರ ನಿಯಮ. ಆ ನೀರಿಗೆ ಕಬ್ಬಿಣದ ಚಿಮಟ ಮುಟ್ಟಿಸಬಾರದು, ತಾಮ್ರದ್ದೇ ಆಗಬೇಕು. ನಮ್ಮ ಜೊತೆಗಿದ್ದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಮರೆತು ಸ್ಟೀಲ್ ಚಿಮಟ ಹಾಕಿದರು. ಎಲ್ಲರ ಬೆಳ್ಳಿ ಗುಲಾಬಿ ಬಣ್ಣಕ್ಕೆ ತಿರುಗಿತು, ನೀರಿನಲ್ಲಿದ್ದ ತಾಮ್ರವೆಲ್ಲ ಬಂದು ಬೆಳ್ಳಿಗೆ ಕೂತಿತ್ತು. ಅವರು ಆಮೇಲೆ ಎರಡು ವಾರ ಎಲ್ಲರಿಗೂ ಕಾಫಿ ಕೊಡಿಸಿದರು.

ಎರಡನೇ ಗೋಡೆ ಕರಗಿದ ಮೇಲೆ ನನಗೆ ಧೈರ್ಯ ಹೋಗಿತ್ತು. ಮೂರನೇ ಗೋಡೆಗೆ ಐದು ಚೂರು ಬೆಸುಗೆ ಸಾಕು ಅಂದಿದ್ದರು. ಒಂದು ಕಡೆ ಹಿಡಿಯದಿದ್ದರೆ ಏನು ಗತಿ ಅಂತ ಸಾಸಿವೆಗಿಂತ ಚಿಕ್ಕ ಚೂರುಗಳನ್ನು ಒಳಗಡೆ ಸುತ್ತ ಹನ್ನೆರಡು ಇಟ್ಟೆ. ಚೆನ್ನಾಗಿ ಓಡಿತು. ಹೊರಗಿನಿಂದ ನೋಡಿದರೆ ಎಲ್ಲೂ ಸಂದಿಯಿಲ್ಲ. ಬೀಗುತ್ತ ಹರಳು ಒಳಗಿಟ್ಟೆ. ಟಕ್.

ಇಬ್ಬರೂ ನಿರ್ದೋಷಿಗಳು

ಮೊದಲ ಅನುಮಾನ ತಗಡಿನ ಮೇಲೆ. ಕಾಯಿಸಿದಾಗ ಸೊಟ್ಟಗಾಗಿರಬೇಕು ಅಂದುಕೊಂಡೆ. ಅಡಿಗಲ್ಲಿನ ಮೇಲೆ ಇಟ್ಟು ನಾಲ್ಕೂ ಕಡೆ ಒತ್ತಿ ನೋಡಿದೆ. ಅಲ್ಲಾಡಲಿಲ್ಲ. ಅಳತೆಪಟ್ಟಿಯ ಅಂಚನ್ನು ಅಡ್ಡ ಇಟ್ಟು ಬೆಳಕಿಗೆ ಹಿಡಿದೆ. ಸಪಾಟಾಗಿತ್ತು.

ಎರಡನೇ ಅನುಮಾನ ಹರಳಿನ ಬೆನ್ನಿನ ಮೇಲೆ. ಕಿಟಕಿ ಗಾಜಿನ ತುಂಡಿನ ಮೇಲೆ ಇಟ್ಟು ಒತ್ತಿದೆ. ಅದೂ ಅಲ್ಲಾಡಲಿಲ್ಲ. ಗಾಜಿಗೆ ಅಂಟಿಕೊಂಡ ಹಾಗೆ ಕೂತಿತ್ತು.

ಇದು ವಿಚಿತ್ರ ಅಲ್ವಾ? ತಗಡು ಸಮ, ಹರಳು ಸಮ, ಎರಡನ್ನೂ ಕೂಡಿಸಿದರೆ ಟಕ್. ಆ ರಾತ್ರಿ ಮನೆಗೆ ಹೋಗಿ ಅಡುಗೆ ಮಾಡುವಾಗಲೂ ಅದೇ ಯೋಚನೆ. ಪಾತ್ರೆ ಸರಿ, ಮುಚ್ಚಳ ಸರಿ, ಮುಚ್ಚಿದರೆ ಮಾತ್ರ ಕೂರುವುದಿಲ್ಲ. ಹಾಗಾಗುವುದು ಯಾವಾಗ? ಕಂಠಕ್ಕೆ ಏನಾದರೂ ಒಣಗಿ ಅಂಟಿಕೊಂಡಿದ್ದಾಗ. ಇಷ್ಟು ಹತ್ತಿರ ಹೋಗಿದ್ದೆ, ಮುಂದಿನ ಹೆಜ್ಜೆ ಹೊಳೆಯಲಿಲ್ಲ.

ಒಂಬತ್ತನೇ ಶನಿವಾರ ಎಲ್ಲರೂ ಒಂದೊಂದು ಸಲಹೆ ಕೊಟ್ಟರು. ಗೋಡೆಯನ್ನು ಗಟ್ಟಿಯಾಗಿ ಒತ್ತಿಬಿಟ್ಟರೆ ತಾನೇ ನಿಲ್ಲುತ್ತದೆ ಅಂದರು ಒಬ್ಬರು. ಹರಳಿನ ಅಡಿಗೆ ಮರದ ಹೊಟ್ಟು ತುಂಬಿ ಅಂದರು ಇನ್ನೊಬ್ಬರು. ಬೆಳ್ಳಿ ಮೇಷ್ಟ್ರು ನಕ್ಕರು. "ಅಂಗಡೀಲಾದ್ರೆ ನಾನೂ ಅದನ್ನೇ ಮಾಡ್ತೀನಿ. ಅಡಿಗೆ ಅರಗು ತುಂಬಿ ಕೂರಿಸಿಬಿಡ್ತೀನಿ. ಹರಳು ನಂದಲ್ಲ, ಸಾಣೆಯವರು ಕೊಟ್ಟಿದ್ದು, ಗಿರಾಕಿ ನಾಳೆ ಬರ್ತಾರೆ. ನಾನು ಹರಳು ಮುಟ್ಟೋ ಹಾಗಿಲ್ಲ." ನಮ್ಮ ಅಜ್ಜಿಯರ ಮುಚ್ಚಿದ ಬೆನ್ನಿನ ಓಲೆ, ಪದಕಗಳಲ್ಲಿ ಅರಗು ಇರುವುದು ಗೊತ್ತಿತ್ತು. ಅದು ಹರಳಿನ ಅಡಿಗೆ ದಿಂಬಿನ ಹಾಗೆ, ಒಳ್ಳೆಯ ಪದ್ಧತಿಯೇ. ಆದರೆ ಬೇರೆಯವರ ತಪ್ಪನ್ನೂ ಅದು ಮೆತ್ತಗೆ ನುಂಗಿಕೊಳ್ಳುತ್ತದೆ ಅಂತ ಗೊತ್ತಿರಲಿಲ್ಲ.

ಆಮೇಲೆ ಮೇಷ್ಟ್ರು ಕೇಳಿದ್ದು ಯಾರೂ ನಿರೀಕ್ಷೆ ಮಾಡದ ವಸ್ತು. "ಯಾರ ಹತ್ರಾನಾದ್ರೂ ಕಾಡಿಗೆ ಇದ್ಯೇನಮ್ಮಾ?"

ಕ್ಲಾಸಿನಲ್ಲಿದ್ದ ಕಾಲೇಜು ಹುಡುಗಿಯ ಬ್ಯಾಗಿನಲ್ಲಿ ಇತ್ತು. ಮೇಷ್ಟ್ರು ಹತ್ತಿ ಸುತ್ತಿದ ಕಡ್ಡಿಯಲ್ಲಿ ಕಾಡಿಗೆ ತೆಗೆದು ಗೋಡೆಯ ಒಳಭಾಗ, ತಗಡು, ಗೋಡೆ ತಗಡು ಸೇರುವ ಮೂಲೆ, ಎಲ್ಲ ಕಡೆ ತೆಳ್ಳಗೆ ಸವರಿದರು. ಒಂದು ತುಂಡು ದಾರವನ್ನು ಅಡ್ಡ ಹಾಸಿದರು. ಹಾಸದಿದ್ದರೆ ಹರಳು ಒಳಗೇ ಸಿಕ್ಕಿಕೊಳ್ಳುತ್ತದೆ, ತೆಗೆಯಲು ಬರುವುದಿಲ್ಲ. ಹರಳು ಇಟ್ಟು ಹೆಬ್ಬೆರಳಿನಿಂದ ಒಂದೇ ಸಲ ನೇರ ಒತ್ತಿದರು. ದಾರ ಎಳೆದು ಹರಳು ತೆಗೆದರು. ಬೆನ್ನು ಮೇಲೆ ಮಾಡಿ ನನ್ನ ಕೈಗೆ ಕೊಟ್ಟು, "ಓದು" ಅಂದರು.

ಭೂತಗನ್ನಡಿ ಹಿಡಿದು ನೋಡಿದೆ. ಬೆನ್ನಿನ ನಡುವೆ ದಾರದ ಗುರುತು ಬಿಟ್ಟರೆ ಏನೂ ಇಲ್ಲ, ಸ್ವಚ್ಛ. ಅಂದರೆ ಹರಳು ತಗಡನ್ನು ಮುಟ್ಟಿಯೇ ಇಲ್ಲ! ಬೆನ್ನಿನ ಅಂಚಿನಲ್ಲಿ ಮಾತ್ರ ಒಂದು ಕಡೆ ಎರಡು ಸೆಂಟಿಮೀಟರ್ ಉದ್ದದ ಕಪ್ಪು ಗೆರೆ, ಎದುರುಗಡೆ ಒಂದು ಚುಕ್ಕಿ. ಇನ್ನೂ ಒಂದು ಗುರುತಿತ್ತು. ಹರಳಿನ ಪಕ್ಕದಲ್ಲಿ, ಬಲಗಡೆ, ಕಾಡಿಗೆ ಅಂಟಿದ್ದು ಮೇಲ್ತುದಿಗೆ ಮಾತ್ರ. ಕೆಳಗೆ ಸ್ವಚ್ಛ. ಅಲ್ಲಿ ಹರಳು ಒಳಕ್ಕೆ ವಾಲುವ ಬದಲು ಹೊರಕ್ಕೆ ವಾಲಿತ್ತು, ಲೋಟದ ಹಾಗೆ.

ಪೆಂಡೆಂಟಿನ ಮೂಲೆಯನ್ನು ಭೂತಗನ್ನಡಿಯಲ್ಲಿ ನೋಡಿದಾಗ ನಗು ಬಂತು, ನಾಚಿಕೆಯೂ ಆಯಿತು. ಗೋಡೆ ತಗಡಿಗೆ ಸೇರುವ ಕಡೆ ಬೆಸುಗೆ ನಯವಾಗಿ ಬಾಗಿ ಗೋಡೆಯ ಮೇಲಕ್ಕೆ ಹತ್ತಿತ್ತು. ಗಾಜಿನ ಲೋಟದಲ್ಲಿ ನೀರಿನ ಅಂಚು ಮೇಲೇರುತ್ತದಲ್ಲ, ಅದೇ ಬಾಗು. ಪ್ರತಿ ವರ್ಷ ಬೋರ್ಡಿನ ಮೇಲೆ ನಾನೇ ಬರೆಯುವ ಚಿತ್ರ. ನೀರು ಹಾಗೆ ಮಾಡಿದರೆ ಕರಗಿದ ಬೆಳ್ಳಿಯೂ ಹಾಗೇ ಮಾಡುತ್ತದೆ, ಆರಿದ ಮೇಲೆ ಅಲ್ಲೇ ಗಟ್ಟಿಯಾಗಿ ಉಳಿಯುತ್ತದೆ ಅಂತ ಹೊಳೆದಿರಲಿಲ್ಲ. ಐದು ಚೂರಿನ ಜಾಗದಲ್ಲಿ ಹನ್ನೆರಡು ಇಟ್ಟಿದ್ದಕ್ಕೆ ಆ ಬಾಗು ಇನ್ನೂ ದಪ್ಪವಾಗಿತ್ತು. ಚೂಪು ಅಂಚಿನ ನನ್ನ ಹರಳು ಆ ಬಾಗಿನ ಮೇಲೆ ಹತ್ತಿ ಕೂತು ತೂಗುತ್ತಿತ್ತು.

"ಹಿಂದಿನ ಅಂಚು ಮುರೀಬೇಕು ಅಂತ ಆ ಹುಡುಗ ಹೇಳಲಿಲ್ವೇ?" ಅಂದರು ಬೆಳ್ಳಿ ಮೇಷ್ಟ್ರು. ಹೇಳಿದ್ದರು. ಅರ್ಧ ಮಿಲಿಮೀಟರ್ ಓರೆ ಯಾಕೆ ಅಂದರೆ, ಬೆಸುಗೆಯ ಬಾಗಿಗೆ ಜಾಗ ಬೇಕು. ಕಲ್ಲು ತಿಕ್ಕುವಾಗ ಬೆಸುಗೆ ಅನ್ನುವುದನ್ನೇ ನಾನು ನೋಡಿರಲಿಲ್ಲ. ಕಾರಣ ಇದ್ದದ್ದು ನಾಲ್ಕು ವಾರ ಮುಂದೆ, ಇನ್ನೊಬ್ಬ ಮೇಷ್ಟ್ರ ಟೇಬಲ್ಲಿನ ಮೇಲೆ.

ರಿಪೇರಿ

ಮೂರು ದಾರಿ ಇತ್ತು. ಅಡಿಗೆ ಹೊಟ್ಟೋ ಅರಗೋ ತುಂಬುವುದು. ಮೂಲೆಯ ಹೆಚ್ಚುವರಿ ಬೆಸುಗೆಯನ್ನು ಚಿಕ್ಕ ಉಳಿಯಲ್ಲಿ ಕೆರೆದು ತೆಗೆಯುವುದು. ಇಲ್ಲವೇ ಹರಳನ್ನೇ ಮತ್ತೆ ಚಕ್ರಕ್ಕೆ ಒಯ್ಯುವುದು. ಅಂಚಿನ ತೊಂದರೆ ಒಂದೇ ಆಗಿದ್ದರೆ ಬೆನ್ನಿನ ಅಂಚು ಮುರಿದರೆ ಸಾಕಿತ್ತು, ಹತ್ತು ನಿಮಿಷದ ಕೆಲಸ. ಆದರೆ ಲೋಟದ ಹಾಗೆ ವಾಲಿದ ಬಲಗಡೆ ಇತ್ತಲ್ಲ. ಅಲ್ಲಿ ಗೋಡೆ ಬಗ್ಗಿಸಿದರೆ ಅದು ಒರಗಿಕೊಳ್ಳಲು ಇಳಿಜಾರೇ ಇಲ್ಲ. ಹರಳನ್ನು ಹಿಡಿಯುವುದು ಬೆಸುಗೆಯೂ ಅಲ್ಲ, ಅಂಟೂ ಅಲ್ಲ. ಒಳಕ್ಕೆ ವಾಲಿದ ಕಲ್ಲಿನ ಮೇಲೆ ಒಳಕ್ಕೆ ವಾಲಿದ ಬೆಳ್ಳಿ, ಅಷ್ಟೇ.

ಬೆಳ್ಳಿ ಮೇಷ್ಟ್ರು ಫೋನ್ ಮಾಡಿ ಕಲ್ಲಿನ ಮೇಷ್ಟ್ರನ್ನು ಕರೆಸಿದರು. ಇಬ್ಬರನ್ನೂ ಒಂದೇ ಕೋಣೆಯಲ್ಲಿ ನೋಡಿದ್ದು ಅದೇ ಮೊದಲು. ಹಿರಿಯರು ಗೋಡೆ ತೋರಿಸಿದರು, ಕಿರಿಯರು ಹರಳು ನೋಡಿ ನನ್ನನ್ನು ಚಕ್ರದ ಮುಂದೆ ಕೂರಿಸಿದರು. ನಾನು ಕಡ್ಡಿ ಹಿಡಿಯುವ ರೀತಿ ನೋಡುತ್ತಲೇ ಸಿಕ್ಕಿತು. ಬಲಗೈ ಸುಸ್ತಾದಾಗ ನನ್ನ ಮೊಣಕೈ ಕೆಳಗೆ ಇಳಿಯುತ್ತದೆ, ಕಡ್ಡಿ ಓರೆಯಾಗುತ್ತದೆ, ಚಕ್ರ ಹರಳಿನ ಬುಡ ತಿನ್ನುತ್ತದೆ. ಮೊಣಕೈ ಅಡಿಗೆ ಮಡಚಿದ ಟವೆಲ್ ಇಟ್ಟುಕೊಳ್ಳಿ ಅಂದರು. ಸಮಸ್ಯೆ ಅಲ್ಲಿಗೆ ಮುಗಿಯಿತು.

ಪಕ್ಕ ಸರಿ ಮಾಡಿದಾಗ ಹರಳು 24.4 × 17.5ಕ್ಕೆ ಇಳಿಯಿತು. ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಆದರೆ ಸುತ್ತಳತೆ ಹತ್ತಿರ ಹತ್ತಿರ ಎರಡು ಮಿಲಿಮೀಟರ್ ಕಡಿಮೆಯಾಯಿತು, ಹಳೆ ಗೋಡೆ ದೊಗಳೆ. ಅದನ್ನು ಗರಗಸದಲ್ಲಿ ಕೊಯ್ದು ತೆಗೆದು, ತಗಡು ಅರದಿಂದ ಉಜ್ಜಿ, ನಾಲ್ಕನೇ ಗೋಡೆ 67 ಮಿಲಿಮೀಟರ್ ಕತ್ತರಿಸಿದೆ. ಈ ಸಲ ಐದೇ ಚೂರು ಬೆಸುಗೆ, ಅದೂ ಗೋಡೆಯ ಹೊರಗಡೆ ಇಟ್ಟು ಒಳಕ್ಕೆ ಓಡಿಸಿದೆ. ಹತ್ತನೇ ಶನಿವಾರ ಗೋಡೆ ಬಗ್ಗಿಸಿದೆವು. ಗಡಿಯಾರದ ಹನ್ನೆರಡರ ಕಡೆ ಒಂದು ಒತ್ತು, ಆರರ ಕಡೆ ಒಂದು. ಮೂರು, ಒಂಬತ್ತು. ಆಮೇಲೆ ನಡುನಡುವೆ. ಒಂದೇ ಕಡೆಯಿಂದ ಸುತ್ತುತ್ತ ಹೋದರೆ ಹೆಚ್ಚಾದ ಬೆಳ್ಳಿಯೆಲ್ಲ ಕೊನೆಗೆ ಒಂದೇ ಕಡೆ ಸೀರೆ ನೆರಿಗೆ ಹಾಗೆ ಸೇರಿಕೊಳ್ಳುತ್ತದೆ.

ಲೆಕ್ಕಪತ್ರ. ತೆಗೆದುಕೊಂಡ ಬೆಳ್ಳಿ 13 ಗ್ರಾಂ. ಪೆಂಡೆಂಟಿನಲ್ಲಿ ಉಳಿದದ್ದು 6.4, ವಾಪಸ್ ಕೊಟ್ಟ ತುಂಡುಗಳು 5.7. ಉಳಿದ 0.9 ಗ್ರಾಂ ಪುಡಿ. ಮೇಜಿಗೆ ಕಟ್ಟಿದ ಚರ್ಮದ ಜೋಳಿಗೆಯಲ್ಲಿ ಒಂದಿಷ್ಟು, ನನ್ನ ಚೂಡಿದಾರಿನ ಮಡಿಲಲ್ಲಿ ಒಂದಿಷ್ಟು, ನೆಲದ ಮೇಲೆ ಉಳಿದದ್ದು. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಅಂತ ಗಾದೆ ಹೇಳುತ್ತ ವೇಸ್ಟೇಜ್ ವಿಷಯಕ್ಕೆ ಅಂಗಡಿಯಲ್ಲಿ ಜಗಳ ಕಾದವಳು ನಾನು. ಅರ ಹಿಡಿದು ನೋಡಿದ ಮೇಲೆ ಗಾದೆ ಅಷ್ಟು ಸಲೀಸಾಗಿ ಬಾಯಿಗೆ ಬರುವುದಿಲ್ಲ. ಬಿಲ್ಲಿನಲ್ಲಿ ಬರುವ ವೇಸ್ಟೇಜ್ ಅಷ್ಟೂ ನ್ಯಾಯ ಅಂತ ಹೇಳುತ್ತಿಲ್ಲ, ಅದು ಬೇರೆ ಜಗಳ.

ನನ್ನ ಅಭಿಪ್ರಾಯ

ಪೇಟೆಯ ಕಸುಬಿನಲ್ಲಿ ಕೆಲಸ ಹಂಚಿಹೋಗಿದೆ. ಕಲ್ಲು ಜೈಪುರದಿಂದಲೋ ಇನ್ನೆಲ್ಲಿಂದಲೋ ಸಾಣೆಯಾಗಿ ಬರುತ್ತದೆ. ಎರಕ ಹೊಯ್ಯುವವರು ಒಬ್ಬರು, ಬೆಸುಗೆಯವರು ಒಬ್ಬರು, ಹರಳು ಕೂರಿಸುವವರು ಇನ್ನೊಬ್ಬರು, ಪಾಲಿಶ್ ಮತ್ತೊಬ್ಬರು. ಒಂದೇ ಕೆಲಸ ದಿನವಿಡೀ ಮಾಡುವುದರಿಂದ ಅವರ ವೇಗ, ಹದ ನಮಗೆ ಕನಸು. ಹವ್ಯಾಸಕ್ಕೆ ಕಲಿಯುವವರಿಗೆ ಆ ಹದ ಹತ್ತು ವಾರದಲ್ಲಿ ಬರುವುದಿಲ್ಲ, ಬರುತ್ತದೆ ಅಂತ ಜಾಹೀರಾತು ಹಾಕುವವರನ್ನು ನಂಬಬೇಡಿ. ನಮಗೆ ಸಿಗುವ ಅನುಕೂಲ ಬೇರೆ: ಕಲ್ಲೂ ನಮ್ಮದೇ, ಬೆಳ್ಳಿಯೂ ನಮ್ಮದೇ. ಟಕ್ ಅಂದರೆ ಹಿಂದಕ್ಕೆ ಹೋಗಿ ಕಲ್ಲನ್ನೇ ತಿದ್ದಬಹುದು. ಬೆಳ್ಳಿ ಮೇಷ್ಟ್ರಿಗೆ ಐವತ್ತು ವರ್ಷ ಕಸುಬು ಮಾಡಿದರೂ ಸಿಗದ ಸ್ವಾತಂತ್ರ್ಯ ಅದು. ಅವರೇ ಹೇಳಿದ್ದು.

ಕ್ಲಾಸು ಮಾತ್ರ ಪೇಟೆಯ ಹಾಗೇ ಹಂಚಿಕೊಂಡಿತ್ತು. ಮೊದಲು ಕಲ್ಲು, ಆಮೇಲೆ ಬೆಳ್ಳಿ. ನಡುವೆ ಗೋಡೆ. ಇದನ್ನು ಫೀಡ್‌ಬ್ಯಾಕ್ ಕಾಗದದಲ್ಲಿ ಬರೆದೆ: ಕಲ್ಲು ಮುಟ್ಟುವ ಮುಂಚೆ ಮೊದಲ ಶನಿವಾರವೇ ಯಾರೋ ಮಾಡಿಟ್ಟ ಒಂದು ಹರಳನ್ನು ಖಾಲಿ ಗೋಡೆಯೊಳಗೆ ಇಟ್ಟು, ತೆಗೆದು, ಕಾಡಿಗೆ ಸವರಿ ನೋಡಲು ಬಿಡಿ. ಅರ್ಧ ಗಂಟೆ ಸಾಕು. ಅಂಚು ಯಾಕೆ ಮುರಿಯಬೇಕು ಅಂತ ಆಮೇಲೆ ಯಾರಿಗೂ ಬಾಯಿಪಾಠ ಮಾಡಿಸಬೇಕಿಲ್ಲ. ಮುಂದಿನ ತಂಡಕ್ಕೆ ಹಾಗೇ ಶುರು ಮಾಡಿದರಂತೆ. ಬ್ಯಾಂಕಿನ ಯಜಮಾನರು ಮತ್ತೆ ಸೇರಿಕೊಂಡಿದ್ದಾರೆ, ಅವರು ಹೇಳಿದ್ದು. ಕಾಡಿಗೆ ಡಬ್ಬಿ ಈಗ ಅರಗಳ ಪಕ್ಕದಲ್ಲೇ ಇದೆಯಂತೆ.

ಕಲಿಯುವವಳಾಗಿ ನನ್ನ ತಪ್ಪೂ ಇದೆ. ಗೊತ್ತಾಗದ ಮಾತಿನ ಮುಂದೆ "ಅಂದಕ್ಕೆ?" ಅಂತ ಬರೆದು ಸುಮ್ಮನಾದೆ. ನನ್ನ ಕ್ಲಾಸಿನಲ್ಲಿ ಮಕ್ಕಳು ಹೀಗೆ ಮಾಡಿದರೆ ನನಗೆ ಎಷ್ಟು ಸಿಟ್ಟು ಬರುತ್ತದೆ ಅಂತ ಮಕ್ಕಳಿಗೇ ಗೊತ್ತು.

ಯುಗಾದಿಗೆ ಊರಿಗೆ ಹೋದಾಗ ಪೆಂಡೆಂಟ್ ಹಾಕಿಕೊಂಡು ಹೋಗಿದ್ದೆ. ಮಾವನಿಗೆ ತೋರಿಸಿ, "ನಿಮ್ಮ ಹೊಲದ ದಂಡೀ ಕಲ್ಲು ಮಾಮಾ" ಅಂದೆ. ಕನ್ನಡಕ ಏರಿಸಿ, ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ಶೇಂಗಾ ಕಾಯಿ ಕಿವಿಗೆ ಹಿಡಿದು ನೋಡುವ ಹಾಗೆ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರು.

"ಸಪ್ಪಳ ಇಲ್ಲ. ಚಲೋ ಕುಂತೈತಿ" ಅಂದರು. "ಇಂಥಾವು ಇನ್ನ ಬುಟ್ಟಿಗಟ್ಟಲೆ ಬಿದ್ದಾವ. ಎಷ್ಟ್ ಬೇಕವ್ವ?"

ಎರಡು ಕಲ್ಲು ಆರಿಸಿಕೊಂಡು ಬಂದಿದ್ದೇನೆ.